ಆಯುವಾಗ ಸಿಕ್ಕ ಕಾಳು

1937ರಲ್ಲಿ ಸಕಲೇಶಪುರ ಸೀಮೆಯ ಕೆಲವು ಕಪ್ಪೆಗಳಿಗೆ ಹೆಸರು ಸಿಕ್ಕಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವುಗಳನ್ನು ಅಳೆದು, ವರ್ಣಿಸಿ, ಪ್ರಬಂಧ ಬರೆದರು. ಒಂದಕ್ಕೆ ಅಲ್ಲಿನ ಕೆಂಪುಹೊಳೆಯ ಹೆಸರೇ ಅಂಟಿಕೊಂಡಿತು. ಇನ್ನೊಂದರ ತವರೆಂದು ಸಕಲೇಶಪುರ ದಾಖಲಾಯಿತು. ಆಮೇಲೆ ಆಗಬಾರದ್ದು ಆಯಿತು. ಬಾಟಲಿಗಳಲ್ಲಿ ಜೋಪಾನವಾಗಿದ್ದ ಮೂಲ ಮಾದರಿಗಳೇ ಕಳೆದುಹೋದವು. ಬರವಣಿಗೆ ಉಳಿಯಿತು, ಕಪ್ಪೆ ಉಳಿಯಲಿಲ್ಲ.

ದಶಕಗಳು ಕಳೆದ ಮೇಲೆ, ಜಡಿಮಳೆಯ ರಾತ್ರಿಗಳಲ್ಲಿ ಟಾರ್ಚು ಹಿಡಿದು, ಕಾಲಿಗೆ ಹತ್ತಿದ ಇಂಬಳ ಕಿತ್ತೆಸೆಯುತ್ತ ಪಶ್ಚಿಮ ಘಟ್ಟ ಸುತ್ತಿದ ಕಪ್ಪೆ ತಜ್ಞರ ಬಳಿ ರಾಯರಿಗೆ ಇಲ್ಲದಿದ್ದ ಒಂದು ಸಾಧನವಿತ್ತು. ಅದು 16ಎಸ್ ಎಂಬ ಜೀನು. ಅದರ ಒಂದು ತುಣುಕು ಓದಿದರೆ ಒಂದೇ ಥರ ಕಾಣುವ ಎರಡು ಕಪ್ಪೆಗಳು ಬೇರೆ ಬೇರೆ ಜಾತಿಯವೋ ಅಲ್ಲವೋ ಎಂಬುದು ಬಹುಮಟ್ಟಿಗೆ ತಿಳಿಯುತ್ತಿತ್ತು. 2010ರಲ್ಲಿ ಒಂದು ಇಡೀ ಕಪ್ಪೆ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರಿಟ್ಟರು. ಆ ಪ್ರಬಂಧ ಅಚ್ಚಾದದ್ದು ‘ಕರೆಂಟ್ ಸೈನ್ಸ್’ನಲ್ಲಿ. 1932ರಲ್ಲಿ ಆ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರು ಇದೇ ರಾಯರು.

ಈ 16ಎಸ್ ಜೀನಿನ ಅಸಲು ಕೆಲಸ ಕಪ್ಪೆಯ ಗುರುತು ಹೇಳುವುದಲ್ಲ. ಜೀವಕೋಶದೊಳಗೆ ಅನ್ನವನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಗಳಿವೆ. ಅವುಗಳೊಳಗೆ ಪ್ರೋಟೀನ್ ಕಟ್ಟುವ ಯಂತ್ರಗಳಿವೆ, ಅವೇ ರೈಬೋಸೋಮ್‌ಗಳು. ಆ ಯಂತ್ರದ ದೊಡ್ಡ ಭಾಗಕ್ಕೆ ಬೆನ್ನೆಲುಬಾಗುವ ಆರ್‌ಎನ್‌ಎ ಎಳೆಯ ನಕಾಶೆಯೇ 16ಎಸ್. ಕಪ್ಪೆಯಲ್ಲಿರುವಂತೆ ಮನುಷ್ಯನಲ್ಲೂ ಇದೆ. ಎಲ್ಲರೂ ಅದನ್ನು ಪಡಿತರ ಚೀಟಿಯ ಸಂಖ್ಯೆಯಂತೆ ಓದಿ ಮುಂದೆ ಹೋಗುತ್ತಿದ್ದರು. ಆ ಎಳೆ ಯಂತ್ರವಾಗಿ ನಿಲ್ಲುವ ಬಗೆ ಮಾತ್ರ ಬಹುಪಾಲು ಕತ್ತಲಲ್ಲೇ ಇತ್ತು.

ಕತ್ತಲು ಹಳೆಯದು. 1950ರ ದಶಕದಲ್ಲಿ ಕೆಲವರು ಪ್ರಾಣಿಗಳ ಜೀವಕೋಶದಿಂದ ಮೈಟೊಕಾಂಡ್ರಿಯ ಬೇರ್ಪಡಿಸಿ, ವಿಕಿರಣದ ಗುರುತು ಹಚ್ಚಿದ ಅಮೈನೋ ಆಮ್ಲ ಕೊಟ್ಟು ನೋಡಿದರು. ಗುರುತು ಹೊಸ ಪ್ರೋಟೀನಿನಲ್ಲಿ ಕಾಣಿಸಿತು. ಅಂದರೆ ಮೈಟೊಕಾಂಡ್ರಿಯ ತಾನೇ ಪ್ರೋಟೀನ್ ಕಟ್ಟುತ್ತಿತ್ತು. ಸಹೋದ್ಯೋಗಿಗಳು ನಂಬಲಿಲ್ಲ. ‘ನಿಮ್ಮ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಸೇರಿದೆ, ಕೆಲಸ ಮಾಡುತ್ತಿರುವುದು ಅದು’ ಎಂಬ ಧಾಟಿಯಲ್ಲಿತ್ತು ಆಕ್ಷೇಪ. ಪಾಪ, ಸಂಶೋಧಕರು ತಮ್ಮ ಪ್ರಯೋಗದ ಜೊತೆಗೆ ದ್ರಾವಣದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆಯೆಂದು ಎಣಿಸಿ ತೋರಿಸಬೇಕಾಯಿತು. ಅಷ್ಟರಲ್ಲಿ ಗಾಯದ ಮೇಲೆ ಬರೆ ಎಳೆದಂತೆ ಇನ್ನೊಂದು ಫಲಿತಾಂಶ ಬಂತು. ಬ್ಯಾಕ್ಟೀರಿಯಾದ ರೈಬೋಸೋಮನ್ನು ಕಟ್ಟಿಹಾಕುವ, ಟೈಫಾಯ್ಡಿಗೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಹಾಕಿದರೆ ಈ ಪ್ರೋಟೀನ್ ಕೆಲಸವೂ ನಿಂತುಹೋಗುತ್ತಿತ್ತು! ಅನುಮಾನಿಗರಿಗೆ ಇನ್ನೇನು ಬೇಕಿತ್ತು?

1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿ ಭ್ರೂಣದ ಮೈಟೊಕಾಂಡ್ರಿಯದಲ್ಲಿ ಡಿಎನ್‌ಎ ಎಳೆಗಳನ್ನು ಕಂಡರು. ಔಷಧಿ ಹೇಳಿದ್ದು ಸುಳ್ಳಲ್ಲ, ಕೇಳಿದವರು ಅರ್ಥ ಮಾಡಿಕೊಂಡದ್ದು ತಪ್ಪು ಎಂಬುದು ಮೆಲ್ಲಗೆ ಬಿಡಿಸಿಕೊಂಡಿತು. ಮೈಟೊಕಾಂಡ್ರಿಯವೇ ಒಂದಾನೊಂದು ಕಾಲದ ಬ್ಯಾಕ್ಟೀರಿಯಾದ ಸಂತತಿಯಾಗಿತ್ತು.

ಮುಂದಿನ ಸರದಿ ರೈಬೋಸೋಮಿನದು. 1967ರಲ್ಲಿ ಥಾಮಸ್ ಓಬ್ರಿಯನ್ ಮತ್ತು ಜಾರ್ಜ್ ಕಾಲ್ಫ್ ಇಲಿಯ ಯಕೃತ್ತಿನಿಂದ ಅದನ್ನು ಹೊರತೆಗೆದರು. ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ಬ್ಯಾಕ್ಟೀರಿಯಾದ ರೈಬೋಸೋಮು 70ಎಸ್ ವೇಗದಲ್ಲಿ, ಜೀವಕೋಶದ ಮಾಮೂಲಿ ರೈಬೋಸೋಮು 80ಎಸ್ ವೇಗದಲ್ಲಿ ತಳ ಸೇರುವುದು ವಾಡಿಕೆ. ಇದು ಬರೀ 55ಎಸ್. ಇದೇನು, ಯಾವುದೋ ರೈಬೋಸೋಮಿನ ಮುರಿದ ಅರ್ಧವೇ ಎನ್ನಿಸುವಂತಿತ್ತು. ಓಬ್ರಿಯನ್ ಹಟ ಬಿಡಲಿಲ್ಲ. ಬೇರೆ ಬೇರೆ ಸಸ್ತನಿಗಳ ಯಕೃತ್ತು ಅರೆದು ನೋಡಿ, ಎಲ್ಲೆಲ್ಲೂ ಅದೇ 55ಎಸ್ ಎಂದು 1971ರಲ್ಲಿ ತೋರಿಸಿದರು. ಅದು ಚೂರಾಗಿರಲಿಲ್ಲ. ಆರ್‌ಎನ್‌ಎ ಕಳೆದುಕೊಂಡು ಪ್ರೋಟೀನ್ ತುಂಬಿಕೊಂಡಿದ್ದ ಇಡೀ ಯಂತ್ರವಾಗಿತ್ತು.

1981ರಲ್ಲಿ ಕೇಂಬ್ರಿಜ್‌ನಲ್ಲಿ ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎ ಪೂರ್ತಿ ಓದಿದ್ದಾಯಿತು. ಇದ್ದದ್ದು 16,569 ಅಕ್ಷರ, 13 ಪ್ರೋಟೀನ್‌ಗಳ ನಕಾಶೆ. ರೈಬೋಸೋಮಿಗೆ ಬೇಕಾದ ಎರಡು ಆರ್‌ಎನ್‌ಎಗಳೂ ಅಲ್ಲಿದ್ದವು. ಆದರೆ ಅದರ 80ಕ್ಕೂ ಹೆಚ್ಚು ಪ್ರೋಟೀನುಗಳಲ್ಲಿ ಒಂದರ ನಕಾಶೆಯೂ ಅಲ್ಲಿರಲಿಲ್ಲ. ಅವೆಲ್ಲ ಜೀವಕೋಶದ ಕೇಂದ್ರದ ಡಿಎನ್‌ಎಯಲ್ಲಿದ್ದವು. ಹೊರಗೆ ತಯಾರಾಗಿ, ಎರಡು ಪೊರೆ ದಾಟಿ, ಒಳಗೆ ಬಂದು ಸರಿಯಾದ ಜಾಗ ಹುಡುಕಿಕೊಳ್ಳಬೇಕಿತ್ತು. ತೊಲೆ, ಹೆಂಚು, ಬಾಗಿಲು ಎಲ್ಲ ಬೇರೆ ಊರಿನಿಂದ ಬರಬೇಕಾದ ಮನೆ ಇದು. ಮೇಸ್ತ್ರಿ ಯಾರು?

ಉತ್ತರಕ್ಕೆ ಮೂರು ದಶಕ ಹಿಡಿಯಿತು. ಅದೇ ಕೇಂಬ್ರಿಜ್‌ನಲ್ಲಿ ವೆಂಕಿ ರಾಮಕೃಷ್ಣನ್ ಅವರ ತಂಡವಿತ್ತು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ಬೆಂಚಿನಲ್ಲಿ ಕೂತವರು ಅವರು. ಬ್ಯಾಕ್ಟೀರಿಯಾದ ರೈಬೋಸೋಮಿನ ರಚನೆ ಬಿಡಿಸಿ 2009ರಲ್ಲಿ ನೊಬೆಲ್ ಹಂಚಿಕೊಂಡರು. ಈಗ ತಂಡ ಮನುಷ್ಯ ಮೈಟೊಕಾಂಡ್ರಿಯದ ರೈಬೋಸೋಮುಗಳನ್ನು ತೆಳು ಮಂಜುಗಡ್ಡೆಯ ಪದರದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯಿತು. ಒಂದೊಂದು ಚಿತ್ರವೂ ಮಸುಕು. ಲಕ್ಷಗಟ್ಟಲೆ ಚಿತ್ರಗಳನ್ನು ಕಂಪ್ಯೂಟರು ಜೋಡಿಸಿದಾಗ ಆಕಾರ ಮೂಡಿತು. 2014ರಲ್ಲಿ ಮೊದಲ ಅಚ್ಚರಿ ಸಿಕ್ಕಿತು. ಬ್ಯಾಕ್ಟೀರಿಯಾದಲ್ಲಿ 5ಎಸ್ ಎಂಬ ಪುಟ್ಟ ಆರ್‌ಎನ್‌ಎ ಇರುವ ಕಡೆ ಇಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲವನ್ನು ಹೊರುವ ಟಿಆರ್‌ಎನ್‌ಎ ಕೂತಿತ್ತು. ಸಾಮಾನು ಹೊರುವ ಕೂಲಿಯಾಳೇ ಕಂಬವಾಗಿ ನಿಂತಿದ್ದ.

ಎರಡನೆಯ ಅಚ್ಚರಿ ಆಯ್ಕೆಯ ಕೆಲಸದಲ್ಲಿತ್ತು. ಹಾಸನದ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಹೆಂಗಸರು ಬೀಜ ಹರವಿ ಕರಿಕಾಳು, ಒಡಕು ಕಾಳು ಬೇರೆ ಮಾಡುವಂತೆ, ಕಂಪ್ಯೂಟರು ಚಿತ್ರಗಳನ್ನು ಹೋಲಿಕೆ ನೋಡಿ ಗುಂಪು ಗುಂಪಾಗಿ ಆಯುತ್ತದೆ. ಚಂದದ ಗುಂಪು ಪ್ರಬಂಧಕ್ಕೆ, ಉಳಿದದ್ದು ಹೊರಕ್ಕೆ ಎನ್ನುವುದು ಸುಲಭ. ಈ ತಂಡ ಉಳಿದದ್ದನ್ನೂ ನೋಡಿತು. ಅಲ್ಲಿ ಕಂಡದ್ದು ಪೂರ್ತಿ ಕಟ್ಟಿ ಮುಗಿಯದ ದೊಡ್ಡ ಭಾಗ, ಅದೂ ಎರಡು ಹಂತಗಳಲ್ಲಿ. ಯಾವ ಜೀನನ್ನೂ ಕಿತ್ತಿರಲಿಲ್ಲ, ಯಾವ ಔಷಧಿಯನ್ನೂ ಹಾಕಿರಲಿಲ್ಲ. ಸಹಜವಾಗಿ ಬದುಕಿದ್ದ ಜೀವಕೋಶದಲ್ಲೇ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಕ್ಯಾಮೆರಾ ಹಿಡಿದಂತಾಗಿತ್ತು.

ಅರೆಕಟ್ಟಿನ ಮೇಲೆ ಮೂವರು ಅತಿಥಿಗಳು ಕೂತಿದ್ದರು. ಒಬ್ಬ ಪರಿಚಿತ, ಅವನ ಹೆಸರು ಮಾಲ್ಸು1. ಎರಡನೆಯವನು ಕೊಬ್ಬಿನಾಮ್ಲ ತಯಾರಿಕೆಯಲ್ಲಿ ಕಾಣಿಸಿಕೊಳ್ಳುವ ಎಸಿಪಿ. ಇಲ್ಲಿ ಅವನಿಗೇನು ಕೆಲಸ? ಮೂರನೆಯವನಿಗಂತೂ ನೆಟ್ಟಗೆ ಹೆಸರೇ ಇರಲಿಲ್ಲ. ಬರೀ 70 ಅಮೈನೋ ಆಮ್ಲಗಳ ಆ ಪುಟ್ಟ ಪ್ರೋಟೀನಿಗೆ ದತ್ತಾಂಶ ಕೋಶದಲ್ಲಿದ್ದದ್ದು ‘ಎಲ್0ಆರ್8ಎಫ್8’ ಎಂಬ ದಾಖಲೆ ಸಂಖ್ಯೆಯೊಂದೇ. ಅದರ ನಕಾಶೆ ಇದ್ದ ಜಾಗ ಇನ್ನೂ ಸೋಜಿಗ. ಎಂಐಇಎಫ್1 ಎಂಬ ಬೇರೆಯೇ ಪ್ರೋಟೀನಿನ ಸಂದೇಶ ಆರ್‌ಎನ್‌ಎಯಲ್ಲಿ, ಅಸಲು ಪಾಠ ಶುರುವಾಗುವ ಮೊದಲು, ಪಠ್ಯಪುಸ್ತಕಗಳು ‘ಇದರಿಂದ ಪ್ರೋಟೀನ್ ಆಗುವುದಿಲ್ಲ’ ಎಂದು ಬದಿಗಿಟ್ಟಿದ್ದ ಮುಂಭಾಗದಲ್ಲಿ ಅದು ಅಡಗಿತ್ತು. ತಂಡ ಈ ಕತೆಯನ್ನು 2017ರಲ್ಲಿ ಪ್ರಕಟಿಸಿತು.

ಮುಂದಿನ ವರ್ಷ ಅಮೆರಿಕದ ಡೇನಿಯಲ್ ಬೋಗನ್‌ಹೇಗನ್ ಹೊಸದಾಗಿ ತಯಾರಾದ ಪ್ರೋಟೀನುಗಳಿಗೆ ಗುರುತು ಹಚ್ಚಿ, ಯಾವುದು ಮೊದಲು ಕೂರುತ್ತದೆ, ಯಾವುದು ಕೊನೆಗೆ ಎಂದು ಲೆಕ್ಕ ಹಾಕಿದರು. 2022ರ ಹೊತ್ತಿಗೆ ಸ್ಟಾಕ್‌ಹೋಮ್‌ನಲ್ಲಿ ಚಿಕ್ಕ ಭಾಗದ ಹಂತಗಳೂ ಬಿಡಿಸಿಕೊಂಡವು.

ಎಲ್ಲ ಸೇರಿದಾಗ ಕಂಡ ಚಿತ್ರ ಇಷ್ಟು. ಒಂದೇ ಉದ್ದ ಆರ್‌ಎನ್‌ಎ ಕತ್ತರಿಸಿ ಎರಡು ಎಳೆಗಳು ಹೊರಬರುತ್ತವೆ. ಹೊರಗಿನಿಂದ ಪ್ರೋಟೀನುಗಳು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂದು ಗುಂಪಾಗಿ ಅಂಟಿಕೊಳ್ಳುತ್ತವೆ, ಮಿಕ್ಕವು ಕರಗಿಹೋಗುತ್ತವೆ. ಮೇಸ್ತ್ರಿ ಪ್ರೋಟೀನುಗಳು ಎಳೆಯನ್ನು ಮಡಿಸಿ, ಅಲ್ಲಲ್ಲಿ ರಾಸಾಯನಿಕ ಗುರುತು ಹಾಕಿ ಹೊರಟುಹೋಗುತ್ತವೆ. ಎರಡು ಭಾಗಗಳು ಸೇರುವ ಮೈ ಕೊನೆಗೆ ಮಡಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮಾಲ್ಸು1, ಎಸಿಪಿ ಮತ್ತು ಆ ಅನಾಮಿಕ ಅಡ್ಡ ಕೂತು, ಚಿಕ್ಕ ಭಾಗ ಅವಸರಪಟ್ಟು ಬಂದು ಸೇರದಂತೆ ತಡೆಯುತ್ತಾರೆ. ಅವರು ಎದ್ದ ಮೇಲಷ್ಟೇ ಯಂತ್ರ ಕೂಡಿಕೊಂಡು 13 ಪ್ರೋಟೀನ್‌ಗಳ ಕೆಲಸಕ್ಕೆ ನಿಲ್ಲುತ್ತದೆ.

ದತ್ತಾಂಶ ಕೋಶದಲ್ಲಿ ಆ ಅನಾಮಿಕನಿಗೆ ಈಗ ಹೆಸರೊಂದಿದೆ, ಅದೂ ಮನೆ ಯಜಮಾನನದೇ: ಎಂಐಇಎಫ್1ರ ಮುಂಭಾಗದ ಪ್ರೋಟೀನ್.