ವೇಗದ ಸಜ್ಜಿಗೆ ತೆರುವ ಹಣ ಸಾರ್ಥಕವೆ?

ಎತ್ತಿನ ಗಾಡಿಯನ್ನು ಹೂಡಿ ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಖಿಲಾರಿ ಎತ್ತುಗಳಿಗೆ ಎಷ್ಟೇ ಕಸುವಿರಲಿ, ಗೊರಸು ನೆಲವನ್ನು ಹಿಡಿಯದಿದ್ದರೆ ಗಾಡಿ ಮುಂದಕ್ಕೆ ಸಾಗದು. ನೆಲ ಗಟ್ಟಿಯಾಗಿದ್ದು ಎತ್ತು ಓಡತೊಡಗಿದರೂ, ಗಾಲಿ ಮತ್ತು ಅಚ್ಚು ಆ ಓಟವನ್ನು ತಾಳದಿದ್ದರೆ ಗಾಡಿ ಉಳಿಯದು. ಬಲ, ಹಿಡಿತ, ತಾಳಿಕೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಮೋಟಾರು ಕಾರಿನ ವಿಷಯವೂ ಇದಕ್ಕಿಂತ ಬೇರೆಯಲ್ಲ.

ಇಂದು ಕಾರುಗಳನ್ನು ತಯಾರಿಸುವ ಕಂಪನಿಗಳು ಸಾಧಾರಣ ಮಾದರಿಯೊಂದನ್ನು ಮಾರಾಟಕ್ಕಿಟ್ಟು, ಅದರ ಪಕ್ಕದಲ್ಲಿಯೇ ಹೆಚ್ಚು ಬೆಲೆಯ ‘ಸ್ಪೋರ್ಟಿ’ ಮಾದರಿಯೊಂದನ್ನೂ ನಿಲ್ಲಿಸುವುದುಂಟು. ಕಾರ್ಖಾನೆಯಲ್ಲಿಯೇ ಜೋಡಿಸಿದ ಈ ವಿಶೇಷ ಭಾಗಗಳ ಸಮೂಹಕ್ಕೆ ಪರ್ಫಾರ್ಮೆನ್ಸ್ ಪ್ಯಾಕೇಜ್ ಎಂದು ಹೆಸರು. ನಾವು ಇದನ್ನು ‘ವೇಗದ ಸಜ್ಜು’ ಎಂದು ಕರೆಯೋಣ. ಇಂಡಿಯ ನಿಂಬೆಯ ತೋಟದಿಂದಲೋ ಸಿಂದಗಿಯ ತೊಗರಿಯ ಹೊಲದಿಂದಲೋ ಬಂದ ಹಣದಲ್ಲಿ ಕಾರು ಕೊಳ್ಳಹೊರಟ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ವೇಗದ ಸಜ್ಜು ಬೇಕೆನ್ನುತ್ತಾನೆ. ತಂದೆ ಅಷ್ಟು ಹಣ ಏಕೆ ಎನ್ನುತ್ತಾನೆ. ಈ ವಾದವನ್ನು ರುಚಿಗೆ ಬಿಡದೆ ಭೌತವಿಜ್ಞಾನದ ಲೆಕ್ಕಕ್ಕೆ ಒಪ್ಪಿಸಿದರೆ ಏನು ತೀರ್ಪು ದೊರೆಯುತ್ತದೆ? ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಸ್ತೆಗಳನ್ನೇ ಮುಂದಿರಿಸಿಕೊಂಡು ವಿಚಾರಿಸೋಣ.

ಸಜ್ಜಿನಲ್ಲಿ ಏನೇನಿರುತ್ತದೆ?

ಮೊದಲು ಒಂದು ಹಳೆಯ ಉದಾಹರಣೆ. ೧೯೬೧ರಲ್ಲಿ ಬ್ರಿಟನ್ನಿನ ‘ಮಿನಿ’ ಎಂಬ ಪುಟ್ಟ ಕಾರಿಗೆ ‘ಕೂಪರ್’ ಎಂಬ ವೇಗದ ಮಾದರಿ ಹೊರಟಿತು. ಎಂಜಿನಿನ ಗಾತ್ರವನ್ನು ೮೪೮ ಘನ ಸೆಂಟಿಮೀಟರಿನಿಂದ ೯೯೭ಕ್ಕೆ ಏರಿಸಿ, ಎರಡು ಕಾರ್ಬ್ಯುರೇಟರುಗಳನ್ನು ಕೂಡಿಸಿದ್ದರಿಂದ ಶಕ್ತಿಯು ೩೪ ಅಶ್ವಶಕ್ತಿಯಿಂದ ೫೫ಕ್ಕೆ ಏರಿತು. ಅದರೊಡನೆಯೇ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕನ್ನೂ ಅಳವಡಿಸಿದರು. ಮಿನಿ ಕೂಪರ್‌ಗಳ ವಂಶಕ್ಕೆ ಸೇರಿದ ಕಾರುಗಳು ೧೯೬೪, ೧೯೬೫ ಮತ್ತು ೧೯೬೭ರ ಮಾಂಟೆ ಕಾರ್ಲೋ ರ‍್ಯಾಲಿಗಳನ್ನು ಗೆದ್ದವು. ಓಟವನ್ನು ಹೆಚ್ಚಿಸಿದವರು ತಡೆಯನ್ನೂ ಹೆಚ್ಚಿಸಿದರೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ನಮ್ಮ ದೇಶದಲ್ಲಿ ೨೦೧೭ರಲ್ಲಿ ಬಂದ ಮಾರುತಿ ಬಲೆನೋ ಆರ್‌ಎಸ್ ಇದೇ ಬಗೆಯದು. ಸಾಧಾರಣ ಬಲೆನೋದ ಪೆಟ್ರೋಲ್ ಎಂಜಿನು ಸುಮಾರು ೮೪ ಅಶ್ವಶಕ್ತಿಯದಾಗಿದ್ದರೆ, ಆರ್‌ಎಸ್‌ನ ಟರ್ಬೋ ಎಂಜಿನು ೧೦೨ ಅಶ್ವಶಕ್ತಿಯದು. ಹಿಂದಿನ ಗಾಲಿಗಳಿಗೂ ಡಿಸ್ಕ್ ಬ್ರೇಕು ಇತ್ತು. ಇನ್ನೊಂದು ಬಗೆಯ ಸಜ್ಜೂ ಉಂಟು. ೨೦೨೧ರಲ್ಲಿ ಬಂದ ಹ್ಯುಂಡೈ ಐ೨೦ ಎನ್ ಲೈನ್‌ನ ಎಂಜಿನು ಆಗಿನ ಐ೨೦ ಟರ್ಬೋದಲ್ಲಿ ಇದ್ದುದೇ. ಅದೇ ೧೨೦ ಅಶ್ವಶಕ್ತಿ. ಬದಲಾದುದು ಬಿಗಿಯಾದ ಸಸ್ಪೆನ್ಷನ್, ಹಿಂದಿನ ಡಿಸ್ಕ್ ಬ್ರೇಕು, ಹೊಗೆಕೊಳವೆಯ ನಾದ, ಒಳಹೊರಗಿನ ಅಲಂಕಾರ. ಆದುದರಿಂದ ಸಜ್ಜನ್ನು ನಾಲ್ಕು ಪಾಲು ಮಾಡಿ ನೋಡಬೇಕು: ಎಂಜಿನಿನ ಶಕ್ತಿ, ಬ್ರೇಕು ಮತ್ತು ಟೈರು, ಸ್ಪ್ರಿಂಗುಗಳ ಬಿಗಿ, ಕೊನೆಯದಾಗಿ ಅಲಂಕಾರ.

ಶಕ್ತಿ ಎಷ್ಟು ಬೇಕು?

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಓಡುವ ಕಾರು ಎರಡು ತಡೆಗಳನ್ನು ಮಾತ್ರ ಎದುರಿಸಬೇಕು: ಗಾಳಿಯ ತಡೆ, ಟೈರು ಉರುಳುವಾಗಿನ ತಡೆ. ಜನರೂ ಸೇರಿ ೧೧೦೦ ಕಿಲೋಗ್ರಾಂ ತೂಗುವ ಸಣ್ಣ ಕಾರು ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ಓಡಲು ಗಾಲಿಗಳ ಬಳಿ ಬೇಕಾಗುವುದು ಸುಮಾರು ೧೦ ಅಶ್ವಶಕ್ತಿ ಮಾತ್ರ! ೧೨೦ ಕಿಲೋಮೀಟರ್ ವೇಗಕ್ಕೆ ಸುಮಾರು ೨೫ ಸಾಕು. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದಲೇ ಈ ಹೆಚ್ಚಳ. ಹಾಗಾದರೆ ೮೪ ಅಶ್ವಶಕ್ತಿಯ ಕಾರಿನಲ್ಲಿ ಉಳಿದುದೆಲ್ಲ ಏತಕ್ಕೆ? ವೇಗವನ್ನು ಏರಿಸಿಕೊಳ್ಳುವುದಕ್ಕೆ ಮತ್ತು ಏರುದಾರಿಯನ್ನು ಹತ್ತುವುದಕ್ಕೆ. ಸಜ್ಜಿನ ಹೆಚ್ಚುವರಿ ಶಕ್ತಿಯ ಬೆಲೆ ಅಡಗಿರುವುದು ವೇಗೋತ್ಕರ್ಷದಲ್ಲಿಯೇ ಹೊರತು ನೆಮ್ಮದಿಯ ಓಟದಲ್ಲಲ್ಲ.

ಈ ವೇಗೋತ್ಕರ್ಷದಿಂದ ಕಾಲ ಎಷ್ಟು ಉಳಿಯುತ್ತದೆ? ಹಳ್ಳಿಯ ಬಳಿ ೪೦ಕ್ಕೆ ಇಳಿದ ಕಾರು ಹಳ್ಳಿ ದಾಟಿ ಮತ್ತೆ ೮೦ಕ್ಕೆ ಏರಬೇಕು. ಸಾಧಾರಣ ಕಾರಿಗೆ ಇದಕ್ಕೆ ೯ ಸೆಕೆಂಡು, ಸಜ್ಜಿನ ಕಾರಿಗೆ ೭ ಸೆಕೆಂಡು ಹಿಡಿಯುತ್ತದೆ ಎನ್ನೋಣ. ಮೊದಲನೆಯದು ೯ ಸೆಕೆಂಡುಗಳಲ್ಲಿ ೧೫೦ ಮೀಟರ್ ಕ್ರಮಿಸಿರುತ್ತದೆ. ಎರಡನೆಯದು ೭ ಸೆಕೆಂಡುಗಳಲ್ಲಿ ಸುಮಾರು ೧೧೭ ಮೀಟರ್ ಕ್ರಮಿಸಿ, ಉಳಿದ ೩೩ ಮೀಟರನ್ನು ೮೦ರ ವೇಗದಲ್ಲಿ ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತದೆ. ಉಳಿತಾಯ ಕೇವಲ ಅರ್ಧ ಸೆಕೆಂಡು! ದಾರಿಯಲ್ಲಿ ಇಪ್ಪತ್ತು ಹಳ್ಳಿಗಳಿದ್ದರೂ ಒಟ್ಟು ಹತ್ತು ಸೆಕೆಂಡು ಮಾತ್ರ. ಬೇಗ ಊರು ಸೇರಬೇಕೆಂಬ ಆಸೆಯಿಂದ ಸಜ್ಜು ಕೊಳ್ಳುವವನ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಆದರೆ ಇನ್ನೊಂದು ಲೆಕ್ಕ ಸಜ್ಜಿನ ಪಕ್ಷವನ್ನು ಹಿಡಿಯುತ್ತದೆ. ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವ ಎರಡು ಪಥದ ರಸ್ತೆಯಲ್ಲಿ ೫೦ರ ವೇಗದಿಂದ ಹೋಗುವ ಲಾರಿಯೊಂದನ್ನು ಹಿಂದೆ ಹಾಕಬೇಕಾಗಿದೆ. ಲಾರಿಯ ಉದ್ದವೂ ಹಿಂದುಮುಂದಿನ ಅಂತರವೂ ಸೇರಿ ೫೦ ಮೀಟರ್. ಸೆಕೆಂಡಿಗೆ ಸೆಕೆಂಡಿಗೆ ೧.೫ ಮೀಟರ್ ವೇಗೋತ್ಕರ್ಷವುಳ್ಳ ಕಾರಿಗೆ ೮ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ೨ ಮೀಟರ್ ಉಳ್ಳ ಕಾರಿಗೆ ೭ ಸೆಕೆಂಡು ಸಾಕು. ಈ ಒಂದು ಸೆಕೆಂಡಿನಲ್ಲಿ ಎದುರಿನಿಂದ ೮೦ರ ವೇಗದಲ್ಲಿ ಬರುವ ಬಸ್ಸು ೨೨ ಮೀಟರಿಗೂ ಹೆಚ್ಚು ದೂರ ಬಂದುಬಿಟ್ಟಿರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದವರಿಗೆ ಈ ೨೨ ಮೀಟರಿನ ಬೆಲೆ ತಿಳಿದಿದೆ. ಅದೂ ಚಾಲಕನು ಆ ಅಂತರವನ್ನು ರಕ್ಷಣೆಗೆಂದು ಉಳಿಸಿಕೊಂಡರೆ ಮಾತ್ರ. ಬಲವಿದೆಯೆಂದು ಇನ್ನೂ ಕಿರಿದಾದ ಎಡೆಯಲ್ಲಿ ನುಗ್ಗಿದರೆ ಗಳಿಸಿದುದೆಲ್ಲ ಅಲ್ಲಿಯೇ ವ್ಯಯವಾಗುತ್ತದೆ.

ಬಿಸಿಲು ಕಸಿಯುವ ಬಲ

ವಿಜಯಪುರದ ಸೀಮೆ ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎತ್ತರ ಹೆಚ್ಚಿದಂತೆಯೂ ಬಿಸಿ ಹೆಚ್ಚಿದಂತೆಯೂ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ ೨೫ ಡಿಗ್ರಿಯಲ್ಲಿರುವ ಗಾಳಿಗೆ ಹೋಲಿಸಿದರೆ, ಇಲ್ಲಿಯ ಬೇಸಿಗೆಯ ಗಾಳಿಯ ಸಾಂದ್ರತೆ ನೂರಕ್ಕೆ ಹತ್ತಕ್ಕಿಂತಲೂ ತುಸು ಹೆಚ್ಚೇ ಕಡಮೆ. ಎಂಜಿನಿಗೆ ಪೆಟ್ರೋಲಿನಷ್ಟೇ ಗಾಳಿಯೂ ಆಹಾರ. ತಾನಾಗಿಯೇ ಉಸಿರೆಳೆದುಕೊಳ್ಳುವ ೮೪ ಅಶ್ವಶಕ್ತಿಯ ಎಂಜಿನು ಆ ಮಧ್ಯಾಹ್ನ ಸುಮಾರು ೭೫ಕ್ಕೆ ಇಳಿದಿರುತ್ತದೆ. ಟರ್ಬೋ ಎಂಜಿನಿನಲ್ಲಿ ಹೊರಹೋಗುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಆದುದರಿಂದ ಈ ನಷ್ಟವನ್ನು ಅದು ಬಹುಮಟ್ಟಿಗೆ ತುಂಬಿಕೊಳ್ಳಬಲ್ಲದು. ಮೇ ತಿಂಗಳ ಸಿಂದಗಿಯಲ್ಲಿ ಎರಡು ಎಂಜಿನುಗಳ ಅಂತರ ಪ್ರಕಟಣೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿರುವುದು ಇದರಿಂದಲೇ.

ಹಿಡಿತ ಮತ್ತು ತಡೆ

ಕಾರಿನ ಓಟ, ತಿರುವು, ನಿಲುಗಡೆ ಮೂರನ್ನೂ ನಿರ್ಧರಿಸುವುದು ನಾಲ್ಕು ಟೈರುಗಳು ರಸ್ತೆಯನ್ನು ಮುಟ್ಟುವ, ಪ್ರತಿಯೊಂದೂ ಹೆಚ್ಚುಕಡಮೆ ಅಂಗೈಯಷ್ಟಗಲದ, ನಾಲ್ಕು ತಾಣಗಳು. ಒಣ ಡಾಂಬರಿನ ಮೇಲೆ ೮೦ರ ವೇಗದಿಂದ ನಿಲ್ಲಲು ಬ್ರೇಕು ಹಿಡಿದ ಮೇಲೆ ಸುಮಾರು ೩೬ ಮೀಟರ್ ಬೇಕು. ೧೦೦ರ ವೇಗದಿಂದ ೫೬ ಮೀಟರ್. ವೇಗ ಕಾಲುಭಾಗ ಏರಿದರೆ ದೂರ ಅರ್ಧಕ್ಕಿಂತಲೂ ಹೆಚ್ಚು ಏರುತ್ತದೆ, ಏಕೆಂದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಹೊಲದ ಎರೆಮಣ್ಣನ್ನು ಡಾಂಬರಿನ ಮೇಲೆ ಮೆತ್ತಿಹೋದಾಗ ಘರ್ಷಣೆ ಅರ್ಧಕ್ಕೆ ಇಳಿದರೆ ಈ ದೂರಗಳು ಇಮ್ಮಡಿಯಾಗುತ್ತವೆ.

ದೊಡ್ಡ ಡಿಸ್ಕ್ ಬ್ರೇಕು ಇದ್ದರೆ ದೂರ ಕಡಮೆಯಾಗದೆ? ಸಾಧಾರಣ ಬ್ರೇಕೇ ಟೈರನ್ನು ಜಾರುವ ಅಂಚಿಗೆ ತರಬಲ್ಲದಾದರೆ, ಒಂದು ಸಲದ ನಿಲುಗಡೆಯಲ್ಲಿ ದೊಡ್ಡ ಬ್ರೇಕಿನಿಂದ ಹೆಚ್ಚಿನ ಲಾಭವಿಲ್ಲ. ಅದರ ಗುಣವಿರುವುದು ಶಾಖವನ್ನು ತಾಳುವುದರಲ್ಲಿ. ಆಗುಂಬೆ ಅಥವಾ ಚಾರ್ಮಾಡಿಯ ಘಾಟಿಯನ್ನು ಇಳಿಯುವಾಗ ಬ್ರೇಕು ಮತ್ತೆ ಮತ್ತೆ ಕಾಯುತ್ತದೆ. ಅಲ್ಲಿ ಡಿಸ್ಕು ಉಪಕಾರಿ. ಬಸವನ ಬಾಗೇವಾಡಿಯ ಬಯಲಿನಲ್ಲಿ ಅಂತಹ ಪ್ರಸಂಗ ವಿರಳ. ಇಲ್ಲಿ ಒಳ್ಳೆಯ ಟೈರು, ಗಾಲಿ ಜಾರಿ ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್, ತಿರುವಿನಲ್ಲಿ ಕಾರು ಅಡ್ಡತಿರುಗದಂತೆ ನೋಡಿಕೊಳ್ಳುವ ವಿದ್ಯುನ್ಮಾನ ವ್ಯವಸ್ಥೆ ಇವು ಹೆಚ್ಚು ಬೆಲೆಯುಳ್ಳವು.

ಎರೆನೆಲದ ಮೇಲೆ ಬಿಗಿ ಸ್ಪ್ರಿಂಗು

ಮುದ್ದೇಬಿಹಾಳದಿಂದ ತಾಳಿಕೋಟೆಯ ಕಡೆಗೆ ಹೋದರೆ ಡೋಣಿಯ ಕಣಿವೆಯ ಕಪ್ಪು ಎರೆನೆಲ ಎದುರಾಗುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಖನಿಜ ಹೇರಳ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಆಳವಾದ ಬಿರುಕು ಬಿಡುತ್ತದೆ. ಇಂತಹ ನೆಲದ ಮೇಲೆ ಹಾಸಿದ ರಸ್ತೆ, ಅಡಿಪಾಯವನ್ನು ವಿಶೇಷವಾಗಿ ಭದ್ರಪಡಿಸದಿದ್ದರೆ, ವರ್ಷಕ್ಕೊಮ್ಮೆ ಉಸಿರಾಡಿದಂತೆ ಏರಿಳಿದು ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ.

ಬಿಗಿ ಸ್ಪ್ರಿಂಗು ನುಣುಪಾದ ರಸ್ತೆಗೆ ಹೇಳಿಸಿದ ವಸ್ತು. ತಿರುವಿನಲ್ಲಿ ಕಾರಿನ ಮೈ ವಾಲುವುದನ್ನು ಅದು ತಡೆಯುತ್ತದೆ. ಆದರೆ ಏರುತಗ್ಗಿನ ರಸ್ತೆಯಲ್ಲಿ ಗಾಲಿ ಮೇಲೆ ಕೆಳಗೆ ಸರಾಗವಾಗಿ ಆಡಬೇಕು. ಸ್ಪ್ರಿಂಗು ಬಿಗಿಯಾದಷ್ಟೂ ಗಾಲಿಯು ನೆಲವನ್ನು ಒತ್ತುವ ಬಲ ಹೆಚ್ಚು ಏರುಪೇರಾಗಿ, ಟೈರು ಕ್ಷಣಕ್ಷಣಕ್ಕೂ ಹಗುರಾಗುತ್ತದೆ. ನೆಲವನ್ನು ಸರಿಯಾಗಿ ಒತ್ತದ ಟೈರು ತಿರುಗಿಸಲಾರದು, ನಿಲ್ಲಿಸಲಾರದು. ಓಟದ ಅಂಗಳದಲ್ಲಿ ಹಿಡಿತವನ್ನು ಹೆಚ್ಚಿಸಿದ ಸಜ್ಜೇ ಇಲ್ಲಿ ಹಿಡಿತವನ್ನು ಕಡಮೆ ಮಾಡಿತು! ದೊಡ್ಡ ರಿಮ್ಮು, ಗಿಡ್ಡ ಟೈರುಗಳದೂ ಇದೇ ಕಥೆ. ರಬ್ಬರಿನ ಪಕ್ಕೆ ಕಿರಿದಾದಷ್ಟೂ ಗುಂಡಿಯ ಅಂಚಿನ ಪೆಟ್ಟು ನೇರವಾಗಿ ರಿಮ್ಮಿಗೆ ತಗಲುತ್ತದೆ. ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ೫೨ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಖವೆನಿಸಿದ ಕಾರು ಹೆದ್ದಾರಿ ಬಿಟ್ಟು ಹಳ್ಳಿಯ ಹಾದಿ ಹಿಡಿದೊಡನೆ ಮೈಮುರಿಯುವುದು ಇದರಿಂದ.

ಕಾರ್ಖಾನೆಯ ಸಜ್ಜೋ, ಪೇಟೆಯ ಸಜ್ಜೋ?

ಕಡಮೆ ಖರ್ಚಿನಲ್ಲಿ ಹೊರಗಿನ ಗ್ಯಾರೇಜಿನಲ್ಲಿ ಎಂಜಿನಿನ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಹುದಲ್ಲ ಎಂದು ಕೆಲವರು ಕೇಳಬಹುದು. ಕಾರ್ಖಾನೆಯವರು ಶಕ್ತಿಯನ್ನು ಏರಿಸುವಾಗ ತಂಪುಗೊಳಿಸುವ ವ್ಯವಸ್ಥೆ, ಕ್ಲಚ್ಚು, ಗೇರುಗಳ ತಾಳಿಕೆಯನ್ನೂ ಪರೀಕ್ಷಿಸಿರುತ್ತಾರೆ. ಹೊರಗೆ ಎಂಜಿನಿನ ಗಣಕವನ್ನಷ್ಟೇ ತಿದ್ದಿ ಗಾಳಿಯ ಒತ್ತಡವನ್ನು ಹೆಚ್ಚಿಸಿದರೆ, ಆ ಹೆಚ್ಚಿನ ಶಾಖವನ್ನು ಹೊರುವವರು ಯಾರು? ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಗ್ಯಾರಂಟಿ ತಪ್ಪುವ, ಅಪಘಾತದ ವೇಳೆ ವಿಮೆಯ ತಕರಾರು ಏಳುವ ಭಯ ಬೇರೆ.

ಆದರೆ ಕಾರ್ಖಾನೆಯ ಸಜ್ಜಿನ ವೆಚ್ಚ ಕೊಳ್ಳುವ ದಿನಕ್ಕೆ ಮುಗಿಯುವುದಿಲ್ಲ. ರಸ್ತೆ ತೆರಿಗೆ ಬೆಲೆಯನ್ನು ಅನುಸರಿಸಿ ಏರುತ್ತದೆ. ವಿಮೆ, ಟೈರು, ಪೆಟ್ರೋಲುಗಳೂ ಏರುತ್ತವೆ. ಇಂತಹ ಮಾದರಿಗಳು ಬಹುಕಾಲ ಬಾಳುವುದೂ ಅಪರೂಪ. ೨೦೧೭ರ ಬಲೆನೋ ಆರ್‌ಎಸ್, ೨೦೧೮ರ ಟಾಟಾ ಟಿಯಾಗೊ ಜೆಟಿಪಿ ಎರಡರ ಮಾರಾಟವೂ ೨೦೨೦ರ ವೇಳೆಗೆ ನಿಂತುಹೋಯಿತು. ಕೆಲವೇ ಜನರಲ್ಲಿರುವ ಕಾರಿನ ವಿಶೇಷ ಭಾಗ ಕೆಟ್ಟರೆ ಅದು ಸಣ್ಣ ಊರಿನ ಗ್ಯಾರೇಜಿನಲ್ಲಿ ಒಡನೆಯೇ ಸಿಕ್ಕೀತೆಂದು ನಂಬುವಂತಿಲ್ಲ.

ತೀರ್ಪು

ಈಗ ತಂದೆಮಕ್ಕಳ ವಾದಕ್ಕೆ ಮರಳೋಣ. ಸಜ್ಜಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಭಾಗದ ಮುಂದೆಯೂ ಎರಡು ಪ್ರಶ್ನೆ ಹಾಕತಕ್ಕದ್ದು. ಇದು ನಾನು ದಿನವೂ ಓಡಾಡುವ ರಸ್ತೆಯಲ್ಲಿ ಕೆಲಸ ಮಾಡುತ್ತದೆಯೆ? ಇದನ್ನು ಮುಂದೆ ಬೇಕಾದಾಗ ಬೇರೆಯಾಗಿ ಕೊಳ್ಳಲು ಸಾಧ್ಯವೆ? ಎಂಜಿನು, ಬ್ರೇಕು, ರಕ್ಷಣೆಯ ವಿದ್ಯುನ್ಮಾನ ವ್ಯವಸ್ಥೆಗಳನ್ನು ಮುಂದೆ ಕೂಡಿಸಲಾಗದು. ಅವುಗಳಿಗೆ ಮೊದಲೇ ಹಣ ಕೊಡುವುದು ನ್ಯಾಯ. ಎರಡು ಪಥದ ರಸ್ತೆಯಲ್ಲಿ ಲಾರಿಗಳ ನಡುವೆ ನಿತ್ಯ ಓಡಾಡುವವನಿಗೆ ಟರ್ಬೋ ಎಂಜಿನಿನ ಮಾದರಿ ನಿಜವಾಗಿಯೂ ಉಪಯುಕ್ತ. ಒಳ್ಳೆಯ ಟೈರನ್ನು ಸಾಧಾರಣ ಕಾರಿಗೂ ಹಾಕಿಸಬಹುದು. ಬಿಗಿ ಸ್ಪ್ರಿಂಗು, ದೊಡ್ಡ ರಿಮ್ಮುಗಳು ಎರೆಸೀಮೆಯಲ್ಲಿ ಹಣ ಕೊಟ್ಟು ತಂದ ತೊಂದರೆ. ಕೆಂಪು ದಾರದ ಹೊಲಿಗೆ, ಹೊಗೆಕೊಳವೆಯ ಗುಡುಗು ಕಣ್ಣಿಗೂ ಕಿವಿಗೂ ಹಿತವಾಗಬಹುದು; ಕಾರಿನ ವೇಗಕ್ಕೂ ನಿಲುಗಡೆಗೂ ಅವುಗಳಿಂದ ಏನೂ ಸೇರುವುದಿಲ್ಲ.

ಸಜ್ಜಿಗೆ ಮೀಸಲಿಟ್ಟ ಹಣದಲ್ಲಿ ಮೊದಲ ಪಾಲು ಟೈರಿಗೆ ಮತ್ತು ಬ್ರೇಕಿಗೆ, ಎರಡನೆಯದು ಎಂಜಿನಿಗೆ, ಏನಾದರೂ ಉಳಿದರೆ ಅಲಂಕಾರಕ್ಕೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಪ್ಯಾಕೇಜನ್ನು ಯಾವ ಕಂಪನಿಯೇ ತೋರಿಸಲಿ, ಸಾಧಾರಣ ಮಾದರಿಯನ್ನೇ ಕೊಂಡು ಮಿಕ್ಕ ಹಣವನ್ನು ಮನೆಗೆ ತರುವುದು ಜಾಣತನ.