ಚಿತ್ರವೇ ಗುರು

ದ್ರೋಣರು ಏಕಲವ್ಯನಿಗೆ ಬಿಲ್ವಿದ್ಯೆಯನ್ನು ಕಲಿಸಲಿಲ್ಲ. ಮಣ್ಣಿನ ಗುರುಮೂರ್ತಿಯ ಎದುರು ನಿಂತು ಅವನು ತಾನೇ ಕಲಿತನು. ಚಿತ್ರಕಲೆಯ ಚರಿತ್ರೆಯಲ್ಲಿಯೂ ಇಂತಹ ಏಕಲವ್ಯರಿದ್ದಾರೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ತಿರುವಾಂಕೂರಿನ ಅರಮನೆಗೆ ಬಂದನು. ತರುಣ ರವಿವರ್ಮನಿಗೆ ತೈಲಚಿತ್ರದ ವಿದ್ಯೆಯನ್ನು ಹೇಳಿಕೊಡಲು ಅವನು ಒಪ್ಪಲಿಲ್ಲ. ತಾನು ಬಣ್ಣ ಹಚ್ಚುವುದನ್ನು ನೋಡಲು ಮಾತ್ರ ಅನುಮತಿಯಿತ್ತನು. ರವಿವರ್ಮನು ಕಂಡುದನ್ನು ತಾನೇ ಪ್ರಯೋಗ ಮಾಡಿ ಕಲಿತನು. ಆ ಸಾಧನೆಯ ಫಲವನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವು ಕಾಣಬಹುದು.

ಗುರು ಎದುರಿಗಿಲ್ಲದಾಗ ಅವನ ಕೃತಿಯೇ ಗುರುವಾಗುತ್ತದೆ. ಫ್ಲಾಂಡರ್ಸಿನ ರೂಬೆನ್ಸನು 1577ರಲ್ಲಿ ಹುಟ್ಟುವ ವೇಳೆಗೆ ಇಟಲಿಯ ಟಿಷಿಯನ್ ತೀರಿಕೊಂಡು ಸುಮಾರು ಹತ್ತು ತಿಂಗಳಾಗಿತ್ತು. ಆದರೂ ರೂಬೆನ್ಸನು ಆತನ ಶಿಷ್ಯನಾದನು. 1628ರಲ್ಲಿ ರಾಜಕಾರ್ಯಕ್ಕಾಗಿ ಮ್ಯಾಡ್ರಿಡ್ ನಗರಕ್ಕೆ ಹೋದಾಗ, ಐವತ್ತು ದಾಟಿದ ಆ ಜಗತ್ಪ್ರಸಿದ್ಧ ಕಲಾವಿದನು ಅರಸನ ಸಂಗ್ರಹದಲ್ಲಿದ್ದ ಟಿಷಿಯನ್ನನ ಚಿತ್ರಗಳನ್ನು ಕುಳಿತು ಪ್ರತಿಮಾಡಿದನು. ಕಲಿಕೆಗೆ ವಯಸ್ಸಿಲ್ಲ, ಕೀರ್ತಿಯೂ ಅಡ್ಡಿಯಲ್ಲ.

ಅಲ್ಲಿಂದ ಲಂಡನ್ನಿಗೆ ತೆರಳಿದ ರೂಬೆನ್ಸನು 1629-30ರಲ್ಲಿ 'ಶಾಂತಿ ಮತ್ತು ಯುದ್ಧ' ಎಂಬ ಚಿತ್ರವನ್ನು ರಚಿಸಿ ದೊರೆ ಚಾರ್ಲ್ಸನಿಗೆ ಅರ್ಪಿಸಿದನು. ಸ್ಪೇನ್ ಮತ್ತು ಇಂಗ್ಲೆಂಡುಗಳ ನಡುವೆ ಸಂಧಿಯಾಗಬೇಕೆಂಬುದು ಅದರ ಆಶಯ. ನಡುವೆ ಶಾಂತಿದೇವಿ ಮಗುವಿಗೆ ಹಾಲೂಡುತ್ತಿದ್ದಾಳೆ. ಅವಳ ಹಿಂದೆ ಜ್ಞಾನದೇವತೆಯಾದ ಮಿನರ್ವಳು ಯುದ್ಧದೇವನಾದ ಮಾರ್ಸನನ್ನು ಹೊರದೂಡುತ್ತಿದ್ದಾಳೆ. ಚಿರತೆಯೊಂದು ಬೆಕ್ಕಿನಂತೆ ಆಡುತ್ತಿದೆ. ಹೀಗೆ ಒಂದು ಭಾವಕ್ಕೆ ದೇಹವನ್ನು ಕೊಟ್ಟು ತೋರಿಸುವುದೇ ರೂಪಕಚಿತ್ರ. ವೀಣೆ, ಪುಸ್ತಕಗಳನ್ನು ಹಿಡಿದ ಸರಸ್ವತಿಯನ್ನು ಬಲ್ಲ ನಮಗೆ ಇದು ಹೊಸದಲ್ಲ.

ಇಂತಹ ಚಿತ್ರವನ್ನು ಪ್ರತಿಮಾಡುವ ಬಗೆ ಹೇಗೆ? ಮೂಲದ ಅಚ್ಚಿನ ಪ್ರತಿಯ ಮೇಲೂ ಕ್ಯಾನ್ವಾಸಿನ ಮೇಲೂ ಸಮಸಂಖ್ಯೆಯ ಚೌಕಗಳನ್ನೆಳೆದು, ಒಂದೊಂದು ಚೌಕದ ರೇಖೆಯನ್ನು ಅದರದೇ ಚೌಕಕ್ಕೆ ಇಳಿಸಬೇಕು. ಬಳಿಕ ಕಂದುಬಣ್ಣವೊಂದರಿಂದಲೇ ನೆರಳು-ಬೆಳಕುಗಳನ್ನು ಮೂಡಿಸಬೇಕು. ಅದು ಒಣಗಿದ ಮೇಲೆ ಬಣ್ಣದ ಪದರಗಳು. ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದುದರಿಂದ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆಯಿರಬೇಕು, ಮೇಲಿನದರಲ್ಲಿ ಹೆಚ್ಚಿರಬೇಕು. ಕ್ರಮ ತಪ್ಪಿದರೆ ಚಿತ್ರ ಬಿರುಕು ಬಿಡುತ್ತದೆ. ಕೊನೆಗೆ ಪಾರದರ್ಶಕವಾದ ತೆಳುಬಣ್ಣವನ್ನು ಲೇಪಿಸಿದರೆ ಒಳಗಿನ ಬೆಳಕು ಚರ್ಮದಿಂದ ಹೊಮ್ಮಿದಂತೆ ತೋರುತ್ತದೆ. ಇಲ್ಲಿ ಅವಸರ ಸಲ್ಲದು.

ಕಣ್ಣು ಒಮ್ಮೆ ನೋಡಿ ಮುಂದೆ ಸಾಗುತ್ತದೆ. ಕೈ ಹಾಗೆ ಸಾಗಲಾರದು. ಶಾಂತಿದೇವಿಯ ಮೈಮೇಲೆ ಬೆಳಕನ್ನು ತುಂಬಿ, ಮಾರ್ಸನನ್ನು ಕತ್ತಲೆಗೆ ಸರಿಸುವಾಗ, ಚಿತ್ರಕಾರನು ತನ್ನ ಮಾತನ್ನು ಬೆಳಕಿನಿಂದಲೇ ಆಡಿದ್ದಾನೆಂಬುದು ಪ್ರತಿಮಾಡುವವನ ಕೈಗೆ ತಿಳಿಯುತ್ತದೆ.

ಈ ಕ್ರಮ ಪಶ್ಚಿಮಕ್ಕೆ ಮಾತ್ರ ಸೇರಿದುದಲ್ಲ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ನರ ವಸತಿಯೂ ಮಠವೂ ಇವೆ. ಟಿಬೆಟನ್ನರ ಥಂಕಾ ಪಟಚಿತ್ರಗಳ ಪರಂಪರೆಯಲ್ಲಿ ಶಿಷ್ಯನು ಅಳತೆಯ ಗೆರೆಗಳೊಳಗೆ ಬುದ್ಧನ ಮುಖವನ್ನು ಮತ್ತೆ ಮತ್ತೆ ಬರೆದು ಪಳಗುತ್ತಾನೆ. ಅಲ್ಲಿ ಮಂಜುಶ್ರೀಯ ಕೈಯ ಖಡ್ಗ ಕೊಲ್ಲುವ ಆಯುಧವಲ್ಲ; ಅಜ್ಞಾನವನ್ನು ಕತ್ತರಿಸುವ ಅರಿವು.

ಹಾಗಾದರೆ ಪ್ರತಿಮಾಡುವುದು ಬರಿಯ ನಕಲೇ? ಪ್ರತಿಯನ್ನು ಮೂಲವೆಂದು ಹೇಳಿ ಮಾರುವುದು ಮೋಸ. ಕಲಿಯಲೆಂದು ಪ್ರತಿಮಾಡುವುದು ಸಾಧನೆ. ಟಿಷಿಯನ್ನನ ಆದಮ್ ಮತ್ತು ಈವರ ಚಿತ್ರವನ್ನು ಪ್ರತಿಮಾಡುವಾಗ ರೂಬೆನ್ಸನು ಆದಮನ ಭಂಗಿಯನ್ನು ಬದಲಿಸಿದನು. ಮೂಲದಲ್ಲಿಲ್ಲದ ಗಿಳಿಯೊಂದನ್ನು ಮರದ ಮೇಲೆ ಕೂರಿಸಿದನು. ಎರಡು ಚಿತ್ರಗಳೂ ಇಂದು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿವೆ. ಗುರುವಿನ ಮರದಲ್ಲಿ ಶಿಷ್ಯನು ತನ್ನ ಗಿಳಿಯನ್ನು ಕೂರಿಸುವ ದಿನವೇ ಕಲಿಕೆ ಫಲಿಸಿದ ದಿನ.