ಮಳೆಗಾಲಕ್ಕೆ ಕಾಯುವ ಕಳರಿ

ಮಂಗಳೂರಿನಿಂದ ಕರಾವಳಿ ಹಿಡಿದು ಕನ್ಯಾಕುಮಾರಿಗೆ ಬೈಕ್ ಹೊರಡಿಸುವವರು ಸಾಮಾನ್ಯವಾಗಿ ಮಾಹೆಯಲ್ಲಿ ನಿಲ್ಲುತ್ತಾರೆ. ಸುತ್ತಲೂ ಕೇರಳ, ನಡುವೆ ಪುದುಚೇರಿಯ ಆಡಳಿತದ ಪುಟ್ಟ ಊರು. ತೆರಿಗೆ ಕಡಿಮೆ, ಪೆಟ್ರೋಲು ಅಗ್ಗ. ಟ್ಯಾಂಕ್ ತುಂಬಿದ ಖುಷಿಯಲ್ಲಿ ಮುಂದಿನ ಊರನ್ನು ನೋಡದೆಯೇ ದಾಟಿ, ಕೋಳಿಕ್ಕೋಡಿನಲ್ಲಿ ಬಿರಿಯಾನಿ ತಟ್ಟೆಯ ಮುಂದೆ ಕೂರುತ್ತಾರೆ. ಹಾಗೆ ದಾಟಿಹೋಗುವ ಊರು ವಡಕರ, ಹಳೆಯ ಕಡತ್ತನಾಡು ಸೀಮೆ. ನಮ್ಮ ತುಳುವರು ಪಾಡ್ದನಗಳಲ್ಲಿ ವೀರರಾದ ಕೋಟಿ ಚೆನ್ನಯರನ್ನು ಹಾಡಿದರೆ, ಇಲ್ಲಿಯವರು ವಡಕ್ಕನ್ ಪಾಟ್ಟುಗಳಲ್ಲಿ ತಚ್ಚೋಳಿ ಒದೇನನನ್ನು ಹಾಡುತ್ತಾರೆ. ಒದೇನನ ಊರಿಗೆ ಬಂದು ಯುದ್ಧಕಲೆ ಕಲಿಸುವ ಕಳರಿ ನೋಡದೆ ಹೋಗುವುದು ಸರಿಯಲ್ಲವೆಂದು ನಾನು ಹೆದ್ದಾರಿ ಬಿಟ್ಟು ಇಳಿದೆ.

ವಡಕರದ ಪುದುಪ್ಪಣದಲ್ಲಿ ಕಡತ್ತನಾಡನ್ ಕಳರಿ ಸಂಘವಿದೆ. ರಾಘವನ್ ಗುರುಕ್ಕಳ್ 1949ರಲ್ಲಿ ಕಟ್ಟಿದ್ದು. ಅವರು ತೀಯ ಸಮುದಾಯದವರು. ನಮ್ಮ ಬಿಲ್ಲವರಂತೆ ಕಳ್ಳು ಇಳಿಸುವ ಕಸುಬಿನ ಹಿನ್ನೆಲೆಯ ಜನ. ಜಾತಿಯ ಕಾರಣಕ್ಕೆ ಬೇರೆ ಕಳರಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಹಾಗಾದರೆ ನನ್ನದೇ ಇರಲಿ ಎಂದು ಅವರು ಸ್ವಂತ ಕಳರಿ ತೆರೆದರು. ನೃತ್ಯ ಕಲಿಯುತ್ತಿದ್ದ ಹುಡುಗಿಯೊಬ್ಬಳು ಏಳನೆಯ ವಯಸ್ಸಿನಲ್ಲಿ ಅಲ್ಲಿಗೆ ಬಂದಳು, ಮುಂದೆ ಗುರುವನ್ನೇ ಮದುವೆಯಾದಳು. ಆಕೆಯೇ ಮೀನಾಕ್ಷಿ ಅಮ್ಮ. ಎಪ್ಪತ್ತು ದಾಟಿದ ಮೇಲೂ ಸೀರೆ ಎತ್ತಿ ಕಟ್ಟಿ ಕತ್ತಿ ಹಿಡಿದ ಅವರ ವಿಡಿಯೊವನ್ನು ನಮ್ಮಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ನೋಡಿರುತ್ತಾರೆ. 2017ರಲ್ಲಿ ಪದ್ಮಶ್ರೀ ಬಂತು. ಇಲ್ಲಿ ಜಾತಿ, ಧರ್ಮ, ಗಂಡು, ಹೆಣ್ಣು ಎಂದು ಯಾರನ್ನೂ ತಡೆಯುವುದಿಲ್ಲ. ಶುಲ್ಕವಿಲ್ಲ, ಕೈಲಾದಷ್ಟು ಗುರುದಕ್ಷಿಣೆ.

ಉತ್ತರ ಮಲಬಾರಿನ ಸಂಪ್ರದಾಯದ ಕಳರಿಯೆಂದರೆ ಅಗೆದು ಮಾಡಿದ ಕುಳಿ. ಉದ್ದ 42 ಅಡಿ, ಅಗಲ 21 ಅಡಿ, ಮೇಲೆ ಮಾಡು, ಬಾಗಿಲು ಪೂರ್ವಕ್ಕೆ. ನೈಋತ್ಯ ಮೂಲೆಯಲ್ಲಿ ಪೂತ್ತರ ಎಂಬ ಏಳು ಮೆಟ್ಟಿಲಿನ ಪೀಠ, ಅದರ ಮೇಲೆ ದೀಪ, ಹೂವು. ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಬೂಟು ಬಿಚ್ಚುವುದಂತೂ ಸರಿಯೇ, ಗಾಡಿಯ ಕೀಲಿ ಬೆರಳಲ್ಲಿ ತಿರುಗಿಸುತ್ತ ಒಳಗೆ ಹೋಗುವ ಚಾಳಿಯನ್ನೂ ಹೊರಗೇ ಬಿಡುವುದು ಒಳ್ಳೆಯದು. ಕುಳಿಯೊಳಗೆ ಗಾಳಿ ನೇರವಾಗಿ ಬಡಿಯುವುದಿಲ್ಲ. ಮೈತುಂಬ ಎಣ್ಣೆ ಹಚ್ಚಿ ಬೆವರುವವರಿಗೆ ಅದೇ ಬೇಕು.

ಗುರುಕ್ಕಳ್ ಮೂಲೆಯಲ್ಲಿ ನಿಂತು ಏಕಸ್ವರದಲ್ಲಿ ವಾಯ್ತಾರಿ ಹೇಳುತ್ತಾರೆ. ಯಾವ ಕಾಲು ಎತ್ತಬೇಕು, ಎಲ್ಲಿ ತಗ್ಗಬೇಕು, ಯಾವಾಗ ತಿರುಗಬೇಕು ಎಲ್ಲವೂ ಆ ಮಾತಿನಲ್ಲೇ ಇದೆ. ನಮ್ಮ ಯಕ್ಷಗಾನದ ಭಾಗವತರ ಹಾಗೆ ಕುಣಿಸುವವರು ಅವರೇ, ಆದರೆ ಮದ್ದಳೆ ಇಲ್ಲ. ಸೊಂಟಕ್ಕೆ ಕಚ್ಚ ಬಿಗಿದ ಮಕ್ಕಳು ಸಾಲಾಗಿ ಕಾಲು ಬೀಸುತ್ತಾರೆ, ಆನೆಯಂತೆ ನಿಲ್ಲುತ್ತಾರೆ, ಹಂದಿಯಂತೆ ತಗ್ಗುತ್ತಾರೆ, ಹಾವಿನಂತೆ ಏಳುತ್ತಾರೆ. ಇದು ಮೈತ್ತಾರಿ, ಮೈಯನ್ನು ಹದಕ್ಕೆ ತರುವ ಮೊದಲ ಹಂತ. ಇದು ಪಕ್ವವಾಗದೆ ಕೈಗೆ ಏನೂ ಸಿಗುವುದಿಲ್ಲ. ಆಮೇಲೆ ಕೋಲ್ತಾರಿ: ಉದ್ದ ಕೋಲು, ಗಿಡ್ಡ ಚೆರುವಡಿ, ಆನೆಯ ದಂತದ ಹಾಗೆ ಬಾಗಿದ ಒಟ್ಟ. ಅನಂತರ ಅಂಗತ್ತಾರಿ: ಕಠಾರಿ, ಕತ್ತಿ ಗುರಾಣಿ, ಈಟಿ, ಉರುಮಿ. ಬರಿಗೈ ಹೋರಾಟ ಕಟ್ಟಕಡೆಗೆ.

ಪ್ರವಾಸಿಗರು ಕೇಳುವುದು ಮಾತ್ರ ಉರುಮಿ. ಸೊಂಟಕ್ಕೆ ಸುತ್ತಿಕೊಳ್ಳಬಹುದಾದ ಆ ಬಳುಕುವ ಕತ್ತಿ ಫೋಟೊಗೆ ಚಂದ, ಕಿಡಿ ಹಾರಿದರೆ ಚಪ್ಪಾಳೆ. ನನಗೇನೋ ಒಟ್ಟ ಹಿಡಿದ ಇಬ್ಬರು ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ ಬಂದು ತಿರುಗುವುದೇ ಹೆಚ್ಚು ರುಚಿಸಿತು. ಒಟ್ಟದ ತುದಿ ಹುಡುಕುವುದು ಎದುರಾಳಿಯ ಮರ್ಮಸ್ಥಾನವನ್ನು. ಮರ್ಮದ ಪೂರ್ತಿ ಪಾಠವನ್ನು ಗುರುಕ್ಕಳ್ ಎಲ್ಲರಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ನೋಡಿ, ಸಿಟ್ಟು ಹಿಡಿತದಲ್ಲಿದೆ ಎನಿಸಿದವರಿಗೆ ಮಾತ್ರ.

ಅದೇ ಮರ್ಮಜ್ಞಾನ ಚಿಕಿತ್ಸೆಗೂ ಬರುತ್ತದೆ. ಉಳುಕು, ಕೀಲು ತಪ್ಪಿದ್ದು, ಸೊಂಟನೋವು ಎಂದು ಊರವರು ಬರುವುದು ಗುರುಕ್ಕಳರ ಬಳಿಗೇ. ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು, ನೆಲದಲ್ಲಿ ಮಲಗಿದವರ ಮೈಮೇಲೆ ಎಣ್ಣೆಯ ಪಾದ ಎಳೆಯುವ ಉಳಿಚ್ಚಿಲ್ ಇವರ ವಿಶೇಷ. ದಿನವಿಡೀ ಹ್ಯಾಂಡಲ್ ಹಿಡಿದು ಹೆಗಲು ಕಲ್ಲಾದವನಿಗೆ ಆಸೆ ಹುಟ್ಟದೆ ಇರುತ್ತದೆಯೇ? ಆದರೆ ಅದು ಒಂದು ಗಂಟೆಯ ಸ್ಪಾ ಅಲ್ಲ. ಪಥ್ಯ, ವಿಶ್ರಾಂತಿ ಸೇರಿ ದಿನಗಳ ಲೆಕ್ಕದ್ದು. ಉಳಿಚ್ಚಿಲ್ ಮುಗಿಸಿ ತಕ್ಷಣ ಬೈಕ್ ಏರಿ ಮುನ್ನೂರು ಕಿಲೋಮೀಟರ್ ಓಡಿಸುವವನಿಗೆ ಅದರಿಂದ ಏನೂ ಆಗದು.

ಇಷ್ಟೆಲ್ಲ ಉಳಿದುಬಂದದ್ದೇ ದೊಡ್ಡದು. 1805ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಪಳಶ್ಶಿರಾಜ ಮಡಿದ ಮೇಲೆ ಕಂಪನಿ ಸರ್ಕಾರ ಮಲಬಾರಿನ ಜನರ ಕೈಯಿಂದ ಆಯುಧ ಕಿತ್ತುಕೊಂಡಿತು, ಕಳರಿಗಳು ಒಂದೊಂದಾಗಿ ಮುಚ್ಚಿದವು. ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಅಲ್ಲಲ್ಲಿ ಉಳಿದಿದ್ದ ಗುರುಗಳನ್ನು ಹುಡುಕಿ ಕಲಿತು, ತಲಶ್ಶೇರಿಯಲ್ಲಿ ಶಿಷ್ಯರಿಗೆ ದಾಟಿಸಿದರು. ಆ ಶಿಷ್ಯರಲ್ಲಿ ಒಬ್ಬರಾದ ಸಿ.ವಿ. ನಾರಾಯಣನ್ ನಾಯರ್ ಹೆಸರಿನ ಸಿ.ವಿ.ಎನ್. ಕಳರಿಗಳು ಇಂದು ಕೇರಳದ ಉದ್ದಕ್ಕೂ ಇವೆ.

ತುಳುನಾಡಿನವನಾಗಿ ಇಲ್ಲಿ ನನಗೆ ಹೊಟ್ಟೆಕಿಚ್ಚು. ಕೋಟಿ ಚೆನ್ನಯರ ಗರಡಿಗಳು ನಮ್ಮಲ್ಲಿ ಊರೂರಿಗೆ ಇವೆ. ಅವರ ಆಯುಧ ಸುರಿಯ ಇದೆ, ನೇಮ ಇದೆ, ಜೀರ್ಣೋದ್ಧಾರಕ್ಕೆ ದುಡ್ಡು ಸುರಿಯುವ ಭಕ್ತರಿದ್ದಾರೆ. ದೈವ ಉಳಿಯಿತು, ಸಾಧಕ ಹೋದ. ವಡಕರದ ಕುಳಿಯಲ್ಲಿ ದೀಪವೂ ಇದೆ, ದಿನವೂ ಬೆವರು ಸುರಿಸುವ ಮಕ್ಕಳೂ ಇದ್ದಾರೆ.

ಹೋಗುವವರಿಗೆ ಒಂದು ಮಾತು. ನಾವು ಸವಾರರು ಪ್ರವಾಸ ಇಟ್ಟುಕೊಳ್ಳುವುದು ಡಿಸೆಂಬರಿನಲ್ಲಿ, ಕಳರಿಯ ಮುಖ್ಯ ಕಲಿಕೆ ನಡೆಯುವುದು ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಹೊರಗೆ ಜಡಿಮಳೆ ಇರುವಾಗ ಎಣ್ಣೆ ಮೈಗೆ ಹಿಡಿಯುತ್ತದೆ, ಮಾಂಸಖಂಡ ಬಾಗುತ್ತದೆ ಎಂಬುದು ಅವರ ಲೆಕ್ಕ. ರೇನ್‌ಕೋಟು, ಒಳ್ಳೆಯ ಟೈರು ಇದ್ದರೆ ಆಗಲೇ ಹೋಗಿ. ಮುಂಚಿತವಾಗಿ ಕೇಳಿಕೊಂಡು, ಬೆಳಗ್ಗೆಯೋ ಸಂಜೆಯೋ ತಲುಪಿ. ಮಧ್ಯಾಹ್ನ ಹೋದರೆ ಖಾಲಿ ಕುಳಿ ನೋಡಿಕೊಂಡು ಬರಬೇಕಾದೀತು.